ತಗಡಿನ ಹಿಂದಿನ ಕೆರೆ ಮತ್ತು ಎಡಗಾಲಿನ ಹೆಬ್ಬೆರಳು

ಪ್ರವಾಸಿ ವಸತಿಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ಒಂದು ಕೆರೆಯನ್ನು ಮಕ್ಕಳಿಂದ ಬಚ್ಚಿಟ್ಟಿದ್ದೀರಿ. ದಯವಿಟ್ಟು ವಾಪಸು ಕೊಡಿ. ನನ್ನ ದೂರು ಇಷ್ಟೇ. ಇಷ್ಟನ್ನೇ ನಿಮ್ಮ ಕಚೇರಿಗೆ ಎರಡು ಸಾಲಿನಲ್ಲಿ ಬರೆದಿದ್ದೆ. ‘ವಿವರ ಸಾಲದು’ ಎಂದು ಉತ್ತರ ಬಂತು. ಸಾಲದು ಅಂದವರಿಗೆ ಸಾಲು ಸಾಲಾಗಿ ಕೊಡುವುದು ನಾಗರಿಕನ ಕರ್ತವ್ಯವಾದ್ದರಿಂದ, ಈ ಸಲ ಊರೆಲ್ಲ ಓದುವ ಹಾಗೆ ವಿವರವಾಗಿಯೇ ಬರೆಯುತ್ತಿದ್ದೇನೆ.

ನನಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಹತ್ತು ವರ್ಷ. ಹಲ್ಲುಜ್ಜು ಅಂದರೂ ‘ಯಾವ ಆಧಾರದ ಮೇಲೆ?’ ಎಂದು ಕೇಳುವ ಆಸಾಮಿಯಾದ್ದರಿಂದ ಮನೆಯಲ್ಲಿ ಅವನನ್ನು ವಕೀಲ ಅಂತಲೇ ಕರೆಯುತ್ತೇವೆ. ಚಿಕ್ಕವಳಿಗೆ ಆರು. ಅವಳು ಚಿಟ್ಟೆ. ಈ ಪತ್ರ ಅವಳ ಪರವಾಗಿ. ಹೋದ ಬೇಸಿಗೆಯಲ್ಲಿ ಅವಳನ್ನು ಈಜು ಕಲಿಯಲು ಸೇರಿಸಿದ್ದೆವು. ಅಲ್ಲಿನ ಮೇಷ್ಟ್ರು ‘ತಳ್ಳಿದರೆ ತಾನೇ ಕಲೀತಾರೆ’ ಎಂಬ ಹಳೆಯ ಪಂಥದವರು. ತಳ್ಳಿದರು. ಅವಳು ಈಜು ಕಲಿಯಲಿಲ್ಲ, ಹೆದರಿಕೆ ಕಲಿತಳು; ಅದನ್ನು ಮಾತ್ರ ಒಂದೇ ಪಾಠಕ್ಕೆ. ಅಂದಿನಿಂದ ನಮ್ಮ ಮನೆಯಲ್ಲಿ ಸ್ನಾನವೆಂದರೆ ಸಮರ. ಚೊಂಬು ಎತ್ತಿದರೆ ಕಿರುಚಾಟ, ತಲೆಗೆ ನೀರು ಅಂದರೆ ಮಂಚದ ಕೆಳಗೆ. ದಿನಾ ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸಿ ಒರೆಸಿ ಸಾಕಾದ ನನ್ನ ಹೆಂಡತಿ ಒಮ್ಮೆ, “ರೀ, ನಾನು ಮಗಳನ್ನ ಸಾಕ್ತಿದೀನೋ, ಟೀಪಾಯಿ ಇಟ್ಕೊಂಡಿದೀನೋ ಗೊತ್ತಾಗ್ತಿಲ್ಲ” ಅಂದಳು. ನಕ್ಕೆ. ಅವಳು ನಗಲಿಲ್ಲ.

ಹೀಗಿರುವಾಗ ರಜೆ ಬಂತು. ಎರಡು ದಿನ ಎಲ್ಲಾದರೂ ಹೋಗಿ ಬರೋಣವೆಂದು ಫೋನಿನಲ್ಲಿ ರೆಸಾರ್ಟುಗಳ ಚಿತ್ರ ನೋಡುತ್ತ ಕೂತಿದ್ದೆವು. ಚಿಟ್ಟೆ ಒಂದರ ಮೇಲೆ ಬೆರಳಿಟ್ಟಳು. ಮರದ ಪುಟ್ಟ ಕಾಟೇಜು, ಎದುರಿಗೆ ಕೆರೆ, ಕೆರೆಗಿಳಿಯಲು ಅಗಲವಾದ ಕಲ್ಲಿನ ಮೆಟ್ಟಿಲು. ಕೊನೆಯ ಮೆಟ್ಟಿಲ ಮೇಲೆ ತಟ್ಟೆಯಲ್ಲಿ ಚೆಲ್ಲಿದಷ್ಟೇ ತೆಳ್ಳಗೆ ನೀರು.

“ಈ ನೀರು ಯಾರನ್ನೂ ಎಳ್ಕೊಳಲ್ಲ ಅಲ್ವಾ ಅಪ್ಪ?”

“ಇಲ್ಲ ಕಣಮ್ಮ. ಪಾಪದ್ದು, ಸುಮ್ನೆ ಕೂತಿರತ್ತೆ.”

“ಹಾಗಾದ್ರೆ ಹೆಬ್ಬೆರಳು ಇಡ್ತೀನಿ. ಒಂದೇ ಒಂದು. ಆಮೇಲೆ ಇನ್ನೇನೂ ಕೇಳಬಾರದು.”

“ಯಾವ ಕಾಲಿಂದು?” ಎಂದ ವಕೀಲ. ಒಪ್ಪಂದದಲ್ಲಿ ಅಸ್ಪಷ್ಟತೆ ಅವನಿಗೆ ಆಗಿಬರುವುದಿಲ್ಲ.

“ಎಡಗಾಲಿಂದು.”

ಹೊರಡುವ ತನಕ ಬಚ್ಚಲಮನೆಯ ಬಕೆಟ್ಟಿನ ಮುಂದೆ ಅಭ್ಯಾಸ ನಡೆಯಿತು. ಹೆಬ್ಬೆರಳು ನೀರಿನ ಹತ್ತಿರ ಹೋಗುವುದು, ಹಿಂದೆ ಬರುವುದು. ಮುಟ್ಟುತ್ತಿರಲಿಲ್ಲ, ಆದರೆ ಪ್ರತಿಸಲವೂ ಇನ್ನಷ್ಟು ಹತ್ತಿರ. ಮಾನ್ಯರೇ, ರಾಕೆಟ್ಟು ಹಾರಿಸುವವರೂ ಇಷ್ಟು ಶ್ರದ್ಧೆಯಿಂದ ತಾಲೀಮು ಮಾಡಿರಲಾರರು. ಮುಟ್ಟುವುದು ಮಾತ್ರ ಕೆರೆಯಲ್ಲೇ ಎಂದು ಅವಳ ತೀರ್ಮಾನ. ನಾವು ಉಸಿರು ಬಿಗಿಹಿಡಿದು ಚೀಲ ಕಟ್ಟಿದೆವು.

ಹೋದೆವು. ಕಾಟೇಜು ಇತ್ತು, ಮರಗಳಿದ್ದವು. ಕೆರೆ ಇರಬೇಕಾದ ಕಡೆ ತಗಡು ಇತ್ತು. ಆಳೆತ್ತರವನ್ನೂ ಮೀರಿದ ತಗಡಿನ ಗೋಡೆ, ದಡದುದ್ದಕ್ಕೂ. ಬೋಳು ತಗಡು ಅತಿಥಿಗಳಿಗೆ ಬೇಸರ ತಂದೀತೆಂದು ಅದರ ಮೇಲೆ ಪೇಂಟರನ ಕೈಯಲ್ಲಿ ಒಂದು ಕೆರೆಯನ್ನು ಬರೆಸಿದ್ದರು: ಎರಡು ಹಂಸ, ಒಂದಿಷ್ಟು ಕಮಲ, ಮುಳುಗುತ್ತಲೇ ಇರುವ ಸೂರ್ಯ. ಊಟದ ತಟ್ಟೆ ಕಿತ್ತುಕೊಂಡು ಊಟದ ಫೋಟೋ ಕೈಗೆ ಕೊಟ್ಟ ಹಾಗೆ, ಕೆರೆಯನ್ನು ಮುಚ್ಚಿ ಅದರ ಮೇಲೆ ಕೆರೆ!

“ಕೆರೆ ಎಲ್ಲಿ?” ಎಂದು ಕೇಳಿದೆ ಮ್ಯಾನೇಜರನ್ನು.

“ಇದೆ ಸಾರ್, ಎಲ್ಲೂ ಹೋಗಿಲ್ಲ. ಹಿಂದುಗಡೆ ಇದೆ.” ನೆಂಟರು ಬಂದರೆಂದು ಕೆಮ್ಮುವ ತಾತನನ್ನು ಒಳಕೋಣೆಯಲ್ಲಿ ಕೂರಿಸಿದವರ ದನಿ ಅದು. “ಸುರಕ್ಷತೆಯವರ ಆದೇಶ ಸಾರ್. ನೀರು ಕಾಣೋ ಕಡೆ ಮಕ್ಕಳಿದ್ರೆ ತೇಲೋ ಜಾಕೆಟ್ ಹಾಕಿರಬೇಕು, ತರಬೇತಿ ಆದ ಕಾವಲುಗಾರ ಇರಬೇಕು. ಕಾವಲುಗಾರ ಇಲ್ಲ ಅಂದ್ರೆ ನೀರೇ ಮಕ್ಕಳ ಕಣ್ಣಿಗೆ ಬೀಳಬಾರದು.”

“ಕಾವಲುಗಾರನ್ನ ಇಟ್ಕೊಳ್ಳಿ ಮತ್ತೆ.”

“ಇಬ್ಬರಿದ್ದಾರೆ ಸಾರ್. ತರಬೇತಿ ಆಗಿಲ್ಲ.”

“ಕೊಡಿಸಿ.”

“ಕೊಡಬೇಕಾದವರೇ ಆ ಸುರಕ್ಷತೆಯವರು ಸಾರ್. ಅವರ ತರಬೇತಿ ಕೇಂದ್ರ ಇನ್ನೂ ಶುರುವಾಗಿಲ್ಲ.”

“ಯಾವಾಗ ಆಗತ್ತಂತೆ?”

ಮ್ಯಾನೇಜರು ತಗಡಿನ ಮೇಲಿನ ಸೂರ್ಯನನ್ನು ನೋಡಿದರು. ಅದು ಯಾವಾಗ ಮುಳುಗುತ್ತದೋ ಆವಾಗ ಎಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ಪಾಪ, ಸಮಾಧಾನಕ್ಕೆಂದು ದನಿ ತಗ್ಗಿಸಿ, “ಮಕ್ಕಳು ಮಲಗಿದ ಮೇಲೆ ನೀವು, ಮೇಡಂ ಇಬ್ಬರೇ ಬನ್ನಿ ಸಾರ್. ಗೇಟು ತೆಗೆದು ತೋರಿಸ್ತೀನಿ” ಅಂದರು. ಅಲ್ಲಾ ಸ್ವಾಮಿ, ವಯಸ್ಕರಿಗೆ ಮಾತ್ರ ಅನ್ನುವ ಸಿನಿಮಾ ಕೇಳಿದ್ದೆ. ವಯಸ್ಕರಿಗೆ ಮಾತ್ರ ಅನ್ನುವ ಕೆರೆ ಇದೇ ಮೊದಲು.

ಅಷ್ಟರಲ್ಲಿ ವಕೀಲ ತಗಡನ್ನು ಪರಿಶೀಲಿಸಿ ಬಂದ. “ಅಂಕಲ್, ಈ ಚಿತ್ರದಲ್ಲೂ ನೀರು ಕಾಣ್ತಿದೆಯಲ್ಲ? ಇದಕ್ಕೆ ಜಾಕೆಟ್ ಬೇಡ್ವಾ?”

ಮ್ಯಾನೇಜರು ನಕ್ಕರು. ನಗುತ್ತ ನಗುತ್ತ ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ಬರುವಾಗ ಕೈಯಲ್ಲಿ ಕಿತ್ತಳೆ ಬಣ್ಣದ ಎರಡು ಜಾಕೆಟ್. “ಯಾಕೆ ಬೇಕು ಸಾರ್ ತಕರಾರು. ಹೊರಗಡೆ ಓಡಾಡುವಾಗ ಹಾಕ್ಕೊಂಡಿರಲಿ.” ವಾದ ಗೆದ್ದು ಶಿಕ್ಷೆ ಅನುಭವಿಸಿದ ವಕೀಲನನ್ನು ನಾನು ಕಂಡದ್ದು ಅದೇ ಮೊದಲು. ಸಂಜೆಯೊಳಗೆ ಉಳಿದ ಅತಿಥಿಗಳ ಮಕ್ಕಳಿಗೂ ಜಾಕೆಟ್ ಬಂತು. ಹೀಗೆ ಮಕ್ಕಳೆಲ್ಲ ಪೇಂಟಿನಲ್ಲಿ ಮುಳುಗದ ಹಾಗೆ ಭದ್ರವಾದರು.

ಒಳಗೂ ಅದೇ ಕಥೆ. ಕೆರೆಯ ಕಡೆಯ ಕಿಟಕಿಗಳಿಗೆಲ್ಲ ಪರದೆ, ಪರದೆಯ ಅಂಚಿಗೆ ಮೊಳೆ. ನೀರಿನ ಊರಿಗೆ ಬಂದು ನೀರಸವಾಗಿ ಕೂತೆವು. ಪರದೆಯೊಳಗಿನ ಬಾಳು ಎಷ್ಟು ಪರದಾಟ ಎಂಬುದು ಅನುಭವಿಸಿದವರಿಗೇ ಗೊತ್ತು. ಊಟದ ಹಾಲಿನಲ್ಲಿ ಒಂದು ಮೀನಿನ ತೊಟ್ಟಿಯಿತ್ತು. ಅದರ ಮೇಲೆ ಮೇಜಿನ ಬಟ್ಟೆ ಹೊದಿಸಿದ್ದರು. ವಕೀಲ ನೀರಿನ ಲೋಟ ಎತ್ತಿ ಹಿಡಿದು, “ಇದಕ್ಕೂ ಜಾಕೆಟ್ ಹಾಕ್ಕೋಬೇಕಾ?” ಅಂದ.

“ಬಾಯ್ಮುಚ್ಕೊಂಡು ಕುಡಿಯೋ” ಎಂದಳು ಅವನಮ್ಮ.

“ಬಾಯ್ಮುಚ್ಕೊಂಡು ಹೇಗಮ್ಮ ಕುಡಿಯೋದು?”

ಪಕ್ಕದ ಮೇಜಿನವರೂ ನಕ್ಕರು. ಚಿಟ್ಟೆ ಮಾತ್ರ ನಗಲಿಲ್ಲ. ಎದ್ದು ಹೋಗಿ ಮೀನಿನ ತೊಟ್ಟಿಯ ಬಟ್ಟೆಯನ್ನು ಒಂದು ಮೂಲೆಯಲ್ಲಿ ಎತ್ತಿ ಒಳಗೆ ನೋಡಿದಳು. ಮೆಲ್ಲಗೆ ಬಿಟ್ಟಳು. ಬಂದು ನನ್ನ ತೊಡೆಗೆ ಒರಗಿ ಕೇಳಿದಳು:

“ಅಪ್ಪ, ನೀರು ಅಷ್ಟೊಂದು ಕೆಟ್ಟದ್ದಾ?”

“ಯಾಕಮ್ಮ ಹಾಗಂತೀಯ?”

“ದೊಡ್ಡವರೂ ಹೆದರ್ಕೊಂಡು ಮುಚ್ಚಿಟ್ಟಿದ್ದಾರಲ್ಲ.”

ಮಾನ್ಯರೇ, ಮಾತಿನಿಂದಲೇ ಹೊಟ್ಟೆ ಹೊರೆಯುವವನು ನಾನು. ಅವಳ ತಲೆ ಸವರಿದೆ, ಅಷ್ಟೇ ನನ್ನಿಂದಾದದ್ದು. ಆ ಮೇಷ್ಟ್ರು ತಳ್ಳಿದ್ದು ಅವಳ ಮೈಯನ್ನು. ಆಮೇಲೆ ನಾವು ಒಂದು ವರ್ಷದಿಂದ ಅವಳಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು: ತಪ್ಪು ನೀರಿನದಲ್ಲ, ತಳ್ಳಿದವರದು. ನಿಮ್ಮ ಆದೇಶ ಆ ಮಾತನ್ನು ಒಂದೇ ಊಟದ ಹೊತ್ತಿನಲ್ಲಿ ಸುಳ್ಳು ಮಾಡಿತು. ಸರ್ಕಾರವೇ ಹೆದರುವ ವಸ್ತುವಿಗೆ ಆರು ವರ್ಷದವಳು ಹೆದರಬಾರದು ಎಂದರೆ ಯಾವ ಬಾಯಲ್ಲಿ ಹೇಳಲಿ?

ಜಾಕೆಟ್ಟನ್ನು ನಾನು ಗೇಲಿ ಮಾಡುತ್ತಿಲ್ಲ. ಎಲ್ಲೋ ಒಂದು ವಸತಿಯಲ್ಲಿ ಒಂದು ಮಗು ನೀರಿಗೆ ಬಿದ್ದಿತ್ತಂತೆ, ಯಾರೋ ಎತ್ತಿ ಬದುಕಿಸಿದರಂತೆ. ಆ ಹೆತ್ತ ಹೊಟ್ಟೆ ತಣ್ಣಗಿರಲಿ. ನೀವು ನಿಯಮ ಮಾಡಿದ್ದು ಅದಕ್ಕೇ ಎಂಬುದೂ ಗೊತ್ತು. ಆದರೆ ಆ ಮಗುವನ್ನು ಎತ್ತಿದ್ದು ತಗಡೇ? ಪರದೆಯೇ? ಹತ್ತಿರವಿದ್ದು ನೋಡುತ್ತಿದ್ದ ಒಂದು ಜೊತೆ ಕಣ್ಣು, ಒಂದು ಜೊತೆ ಕೈ. ಅವನ್ನು ಒದಗಿಸುವುದು ಕಷ್ಟ, ತರಬೇತಿ ಕೊಡುವುದು ಇನ್ನೂ ಕಷ್ಟ. ಆದ್ದರಿಂದ ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ನೀರಿದೆಯೆಂದು ನೋಟವನ್ನೇ ಕೊಯ್ದಿರಿ. ನೀರು ಮುಟ್ಟದೆಯೇ ಕೈ ತೊಳೆದುಕೊಳ್ಳುವ ವಿದ್ಯೆ ಇಲಾಖೆಗಳಿಗೆ ಮಾತ್ರ ಸಿದ್ಧಿಸಿದ್ದು. ನಿಯಮದೊಳಗೆ ಯಮನೂ ಅಡಗಿದ್ದಾನೆ ಎಂದು ಕಾಲೇಜಿನಲ್ಲಿ ನಾವು ತಮಾಷೆ ಮಾಡುತ್ತಿದ್ದೆವು. ಮಾರನೆಯ ಬೆಳಿಗ್ಗೆ ಅವನನ್ನು ಹತ್ತಿರದಿಂದ ನೋಡಿದೆ.

ಅಡುಗೆಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿದುಹೋಗುವ ಕಡೆ ಒಂದು ತಗಡು ಬಾಗಿತ್ತು. ಬಚ್ಚಿಟ್ಟದ್ದನ್ನು ಹುಡುಕದ ಮಕ್ಕಳು ಎಲ್ಲಾದರೂ ಉಂಟೇ? ತಿಂಡಿಯ ಹೊತ್ತಿಗೆ ರೆಸಾರ್ಟಿನ ಅಷ್ಟೂ ಮಕ್ಕಳಿಗೆ ಆ ಸಂದಿ ಗೊತ್ತಾಗಿತ್ತು, ಅಷ್ಟೂ ದೊಡ್ಡವರಿಗೆ ಗೊತ್ತಿರಲಿಲ್ಲ. ವಕೀಲ ಕಾಣುತ್ತಿಲ್ಲವೆಂದು ಹುಡುಕುತ್ತ ಹೋದಾಗ ನನ್ನ ಹೆಂಡತಿಗೆ ಮೊದಲು ಕಂಡದ್ದು ಪೊದೆಯ ಮೇಲೆ ಒಗೆದು ಹರವಿದ ಹಾಗೆ ಬಿದ್ದಿದ್ದ ಕಿತ್ತಳೆ ಜಾಕೆಟ್ಟುಗಳು. ಜಾಕೆಟ್ಟು ಹಾಕಿಕೊಂಡರೆ ಆ ಸಂದಿಯಲ್ಲಿ ತೂರಲು ಆಗುವುದಿಲ್ಲ, ನೋಡಿ. ಬಿಚ್ಚಿಟ್ಟು ಹೋಗಿದ್ದರು.

ಆ ಕಡೆ ಮೆಟ್ಟಿಲಿರಲಿಲ್ಲ. ಜಿಡ್ಡು ಮಣ್ಣಿನ ಕಡಿದಾದ ದಡ, ದಡ ಮುಗಿದಲ್ಲಿಂದಲೇ ಆಳ. ಇಬ್ಬರು ಮಕ್ಕಳು ಮೇಲೆ ನಿಂತು ಅಳುತ್ತಿದ್ದರು. ನನ್ನ ಮಗ ಎದೆಯ ತನಕ ನೀರಿನಲ್ಲಿ ಮುಳುಗಿ ಒಂದು ಬೇರು ಹಿಡಿದುಕೊಂಡು, ಕಾಲು ನಿಲ್ಲದೆ ಒದ್ದಾಡುತ್ತಿದ್ದ. ನನ್ನ ಹೆಂಡತಿ ಅಂಗಾತ ಬಿದ್ದರೂ ಪರವಾಗಿಲ್ಲವೆಂದು ಜಾರಿಯೇ ಹೋಗಿ ಅವನ ಕಾಲರು ಹಿಡಿದಳು; ಅವಳ ಕೂಗಿಗೆ ಓಡಿಬಂದ ನಾನು ತಗಡಿನಲ್ಲಿ ಅಂಗಿ ಹರಿದುಕೊಂಡು ತೂರಿ ಅವಳ ಕಾಲು ಹಿಡಿದೆ. ಹೇಗೋ ಎಳೆದೆವು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ವಕೀಲನ ಬಳಿ ಯಾವ ವಾದವೂ ಇರಲಿಲ್ಲ. ಅಮ್ಮನ ಕುತ್ತಿಗೆ ಬಿಡಲೊಲ್ಲ, ಹಲ್ಲು ಕಟಕಟ.

ತಿರುಗಿದೆ. ಬಾಗಿದ ತಗಡಿನ ಸಂದಿಯಲ್ಲಿ ಚಿಟ್ಟೆ ನಿಂತಿದ್ದಳು, ಕಿತ್ತಳೆ ಜಾಕೆಟ್ಟು ಹಾಕಿಕೊಂಡು, ಗುಂಡಿ ಬಿಚ್ಚದೆ. ಎಲ್ಲ ನೋಡಿದ್ದಳು. ಅಲ್ಲಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಅವಳು ಚಿತ್ರದಲ್ಲಿ ಕಂಡ ಮೆಟ್ಟಿಲುಗಳಿದ್ದವು. ಅಗಲವಾದವು, ಒಣಗಿದವು, ಕೊನೆಯದರ ಮೇಲೆ ತೆಳ್ಳಗೆ ನೀರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಗು ಕೂರಬಹುದಾದ ಜಾಗಕ್ಕೆ ಬೀಗ, ಮಗು ಮುಳುಗಬಹುದಾದ ಜಾಗಕ್ಕೆ ದಾರಿ. ಇದನ್ನು ನಿಮ್ಮ ಕಚೇರಿಯ ಭಾಷೆಯಲ್ಲಿ ಸುರಕ್ಷತೆ ಎನ್ನುತ್ತಾರೆಯೇ?

ಮ್ಯಾನೇಜರು ಓಡಿಬಂದರು. ಅವರ ಮೇಲೆ ಸಿಟ್ಟು ಮಾಡುವ ಶಕ್ತಿಯೂ ನನಗಿರಲಿಲ್ಲ. “ಇನ್ನೂ ಎತ್ತರ ಮಾಡಿಸ್ತೀನಿ ಸಾರ್, ಎರಡು ಸುತ್ತು ತಗಡು ಹೊಡೆಸ್ತೀನಿ” ಎಂದರು. ನಿಮ್ಮಿಂದ ಅವರು ಕಲಿತದ್ದು ಅದೊಂದನ್ನೇ.

ಮನೆಗೆ ಬಂದೆವು. ವಕೀಲ ಚೇತರಿಸಿಕೊಂಡಿದ್ದಾನೆ, ಮೊನ್ನೆ ಹಲ್ಲುಜ್ಜುವುದಕ್ಕೆ ತಡೆಯಾಜ್ಞೆ ಕೇಳಿದ. ಆದರೆ ಬಚ್ಚಲಮನೆಗೆ ಹೋದರೆ ಬಕೆಟ್ಟಿನ ಮೇಲೆ ಟವೆಲು ಮುಚ್ಚಿರುತ್ತದೆ. ತೆಗೆದರೆ ಮತ್ತೆ ಮುಚ್ಚಿರುತ್ತದೆ. ಟವೆಲಿನ ಮೇಲೆ ಒಂದು ಕಾಗದ, ಕಾಗದದಲ್ಲಿ ಕ್ರೇಯಾನಿನ ಎರಡು ಹಂಸ.

“ಇದೇನಮ್ಮ ಇದು?” ಎಂದೆ.

“ನೀರು ಕಾಣಬಾರದು ಅಪ್ಪ. ಅಣ್ಣ ಮತ್ತೆ ಬಿದ್ದುಬಿಟ್ರೆ?”

ಈಗ ಅವಳ ಹೆಬ್ಬೆರಳು ಬಕೆಟ್ಟಿನ ಹತ್ತಿರವೂ ಹೋಗುವುದಿಲ್ಲ. ನಿಮ್ಮ ಇಲಾಖೆಯ ನಿಯಮವನ್ನು ಅಕ್ಷರಶಃ ಪಾಲಿಸುತ್ತಿರುವ ಏಕೈಕ ಪ್ರಜೆ ನಮ್ಮ ಮನೆಯಲ್ಲಿದ್ದಾಳೆ. ಅಭಿನಂದನೆಗಳು.

ಆದ್ದರಿಂದ ಈಗ ನನ್ನ ಬೇಡಿಕೆ. ಬೇಡಿಕೆ ಎಂದರೆ ಬೇಡುವುದಲ್ಲ, ಕೇಳುವುದು. ತರಬೇತಿ ಕೇಂದ್ರವನ್ನು ತೆರೆಯಿರಿ. ಅದು ತೆರೆಯುವ ತನಕ ನಿಮ್ಮ ಕಚೇರಿಯಲ್ಲಿ ಕಡತ ಕಾಯುತ್ತಿರುವವರಲ್ಲಿ ಈಜು ಬಲ್ಲ ಒಬ್ಬರನ್ನು ಕೆರೆ ಕಾಯಲು ಕಳಿಸಿ. ಆ ಮೆಟ್ಟಿಲ ಮುಂದಿನ ತಗಡನ್ನು ತೆಗೆಸಿ, ಅದೇ ತಗಡಿನಲ್ಲಿ ಬೇಕಾದರೆ ಅಡುಗೆಮನೆ ಹಿಂದಿನ ಜಾರುದಡಕ್ಕೆ ಭದ್ರವಾದ ಬೇಲಿ ಹಾಕಿಸಿ. ಮಕ್ಕಳಿಗೆ ಜಾಕೆಟ್ಟು ಇರಲಿ, ಪಕ್ಕದಲ್ಲಿ ಕಣ್ಣಿರಲಿ, ಎದುರಿಗೆ ನೀರೂ ಇರಲಿ.

ಇನ್ನೊಂದಿದೆ, ಅದು ನನ್ನದಲ್ಲ, ಚಿಟ್ಟೆಯದು. ‘ಮುಚ್ಚೋಕೆ ಹೇಳಿದ ಅಂಕಲ್ ಮೊದಲು ಹೆಬ್ಬೆರಳು ಇಡಲಿ, ಆಮೇಲೆ ನೋಡ್ತೀನಿ’ ಅಂದಿದ್ದಾಳೆ. ತಗಡು ತೆಗೆದ ದಿನ ನೀವೇ ಬರಬೇಕು. ಬೂಟು ಕಾಲುಚೀಲ ಬಿಚ್ಚಿ, ಪ್ಯಾಂಟು ಮಡಚಿ, ಕೊನೆಯ ಮೆಟ್ಟಿಲ ಮೇಲೆ ಕೂತು ಎಡಗಾಲಿನ ಹೆಬ್ಬೆರಳನ್ನು ನೀರಿಗೆ ಇಡಬೇಕು. ಅವಳು ಪಕ್ಕದಲ್ಲಿ ಕೂತು ನೋಡುತ್ತಿರುತ್ತಾಳೆ. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ನಿಮ್ಮನ್ನು ಯಾರೂ ತಳ್ಳುವುದಿಲ್ಲ.

ಇಂತಿ,
ಬಚ್ಚಲಮನೆಯಲ್ಲಿ ಕಾಗದದ ಹಂಸ ಸಾಕಿಕೊಂಡಿರುವ
ಒಬ್ಬ ಅಪ್ಪ