ನಿಮ್ಮ ಮನೆಗೊಂದು ನೀರು, ನಮ್ಮ ಬೀದಿಗೊಂದು ನೀರು

ನೀರು ಸರಬರಾಜು ಕಚೇರಿಯ ಮಾನ್ಯ ಮುಖ್ಯ ಎಂಜಿನಿಯರರೇ,

ನಮ್ಮ ಬಡಾವಣೆಯ ನಲ್ಲಿಗಳಲ್ಲಿ ಎರಡು ವರ್ಷದಿಂದ ಬರುತ್ತಿರುವುದು ಗಡಸು ನೀರು. ಅದು ನಿಮಗೆ ಗೊತ್ತು. ನಿಮಗೆ ಗೊತ್ತಿದೆ ಎಂಬುದು ನನಗೂ ಗೊತ್ತು. ಆ ನೀರಿನಿಂದಾಗಿ ನನ್ನ ಅಕ್ಕನ ಬಲಗೈ ಬೆಂದುಹೋಯಿತು. ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಸಾಹೇಬರು ಅರ್ಜಿಯ ಮೊದಲ ನಾಲ್ಕು ಸಾಲಿಗಿಂತ ಮುಂದೆ ಓದುವುದಿಲ್ಲ ಎಂದು ನಿಮ್ಮ ಗುಮಾಸ್ತರೇ ನನಗೊಮ್ಮೆ ಹಿತವಚನ ಹೇಳಿದ್ದರು.

ನಾನು ನಲ್ಲಿ ರಿಪೇರಿ ಮಾಡುವವನು. ಇಪ್ಪತ್ತಾರು ವರ್ಷದಿಂದ ಈ ಊರಿನ ಅಡುಗೆಮನೆ, ಬಚ್ಚಲುಮನೆಗಳಲ್ಲಿ ಮಂಡಿಯೂರಿಕೊಂಡೇ ಬದುಕಿದ್ದೇನೆ. ನೀವು ಕೆರೆಯ ನೀರನ್ನು ಕೈಗಾರಿಕಾ ಪ್ರದೇಶದ ಕಡೆ ತಿರುಗಿಸಿ, ಟ್ಯಾಂಕಿನ ಹಿಂದೆ ಕೊರೆಸಿದ ನಾಲ್ಕು ಕೊಳವೆಬಾವಿಗಳನ್ನು ನಮ್ಮ ಲೈನಿಗೆ ಜೋಡಿಸಿದಿರಿ. ಆ ಬಗ್ಗೆ ಒಂದು ಪ್ರಕಟಣೆಯನ್ನೂ ಹೊರಡಿಸಲಿಲ್ಲ. ನಮಗೆ ಸುದ್ದಿ ತಿಳಿಸಿದ್ದು ನಲ್ಲಿಗಳೇ. ಮೊದಲು ನಲ್ಲಿಯ ಬಾಯಿಗೆ ಬಿಳಿ ಉಂಗುರ ಕಟ್ಟಿತು. ಆಮೇಲೆ ಷವರಿನ ತೂತುಗಳು ಒಂದೊಂದಾಗಿ ಮುಚ್ಚಿದವು. ವರ್ಷ ತುಂಬುವಷ್ಟರಲ್ಲಿ ನಾನು ಕತ್ತರಿಸಿ ತೆಗೆದ ಪೈಪುಗಳ ಒಳಗೆ ಪೆನ್ಸಿಲ್ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಕಾಳು ಬೇಯುವುದಿಲ್ಲ, ಬಟ್ಟೆ ಬೆಳ್ಳಗಾಗುವುದಿಲ್ಲ, ತಲೆ ಎಷ್ಟು ತೊಳೆದರೂ ಕೂದಲು ಅಂಟಂಟು ಎಂದು ಮನೆಮನೆಯಲ್ಲೂ ದೂರು. ನಲವತ್ತೊಂದು ಮನೆಯವರ ಸಹಿ ಹಾಕಿಸಿ ನಿಮಗೆ ಅರ್ಜಿ ಕೊಟ್ಟವನೂ ನಾನೇ.

ಐವತ್ಮೂರನೆಯ ದಿನ ಉತ್ತರ ಬಂತು. “ಪರಿಶೀಲಿಸಲಾಗಿ, ನೀರಿನ ಗುಣಮಟ್ಟವು ನಿಗದಿತ ಮಿತಿಯೊಳಗಿದ್ದು, ಸಾರ್ವಜನಿಕರು ಆತಂಕಪಡುವ ಅಗತ್ಯವಿರುವುದಿಲ್ಲ.” ಎಂಥ ನೆಮ್ಮದಿಯ ವಾಕ್ಯ! ಆದರೆ ನೀವು ಪರಿಶೀಲಿಸಿದ್ದು ಯಾರ ನಲ್ಲಿಯನ್ನು? ನಮ್ಮ ಬೀದಿಗೆ ಬಾಟಲಿ ಹಿಡಿದು ಬಂದ ಒಬ್ಬ ನೌಕರನನ್ನೂ ಯಾರೂ ಕಂಡಿಲ್ಲ. ವಿಚಾರಿಸಿದಾಗ ತಿಳಿದದ್ದು, ಮಾದರಿ ತೆಗೆದದ್ದು ಕೆರೆಯ ಶುದ್ಧೀಕರಣ ಘಟಕದಲ್ಲಂತೆ. ಅಂದರೆ ನಮಗೆ ಬಾರದ ನೀರು ಬಹಳ ಚೆನ್ನಾಗಿದೆ ಎಂದು ನಮಗೆ ಲಿಖಿತವಾಗಿ ತಿಳಿಸಿದಿರಿ. ಪಕ್ಕದ ಮನೆಯವರ ರಕ್ತ ಪರೀಕ್ಷಿಸಿ ನನಗೆ ಕಾಯಿಲೆಯಿಲ್ಲ ಎನ್ನುವ ವೈದ್ಯರಿದ್ದರೆ ಜನ ಅವರನ್ನು ಏನು ಮಾಡುತ್ತಾರೆ? ನಿಮಗಾದರೋ ಆ ವರ್ಷವೇ ಬಡ್ತಿ ಸಿಕ್ಕಿತು.

ಆ ಪತ್ರ ಬಂದ ಇಪ್ಪತ್ತು ದಿನಕ್ಕೆ ನಿಮ್ಮ ಕಚೇರಿಯಿಂದ ನನಗೆ ಕರೆ ಬಂತು. ನಮ್ಮ ಬಡಾವಣೆಯ ಅಂಚಿನಲ್ಲಿರುವ, ನಮ್ಮದೇ ಲೈನಿನ ನೀರು ಬರುವ ನಿಮ್ಮ ವಸತಿಗೃಹದಲ್ಲಿ ಒಂದು ಕೆಲಸವಿತ್ತು. ಗಡಸು ನೀರನ್ನು ಮೆದು ಮಾಡುವ ಯಂತ್ರ ಕೂರಿಸುವುದು.

ನೀವು ಆ ದಿನ ಮನೆಯಲ್ಲಿರಲಿಲ್ಲ. ನಿಮ್ಮ ಸಹಾಯಕ ಎಂಜಿನಿಯರರು ಬಂದಿದ್ದರು. ಕೊಳವೆಯಂಥ ಪುಟ್ಟ ಗಾಜಿನ ಶೀಶೆಯಲ್ಲಿ ನಿಮ್ಮ ನಲ್ಲಿಯ ನೀರು ಹಿಡಿದು, ಚಿಟಿಕೆ ಪುಡಿ ಹಾಕಿ ಅದನ್ನು ಕೆಂಪು ಮಾಡಿ, ಆ ಬಣ್ಣ ನೀಲಿಗೆ ತಿರುಗುವವರೆಗೂ ಔಷಧಿಯ ಹನಿ ಎಣಿಸಿದರು. ಏಳುನೂರ ನಲವತ್ತು ಎಂದರು. ನಿಮ್ಮ ಕಚೇರಿಯ ಗೋಡೆಗೆ ಹಾಕಿರುವ ಫಲಕದಲ್ಲಿ ಗಡಸುತನದ ಗರಿಷ್ಠ ಮಿತಿ ಆರುನೂರು ಎಂದಿದೆ. ಯಂತ್ರ ಕೂರಿಸಿದ ಮೇಲೆ ಮತ್ತೆ ಎಣಿಸಿದರು, ಅರವತ್ತಕ್ಕೆ ಇಳಿದಿತ್ತು. ನಿಮ್ಮ ಮನೆಯವರು ಕೈ ತೊಳೆದು ನೋಡಿ, ಎಷ್ಟು ದಿನವಾದ ಮೇಲೆ ಸೋಪು ನೊರೆ ಬರುತ್ತಿದೆ ಎಂದು ಸಂತೋಷಪಟ್ಟರು. ನನಗೆ ಟೀ ಕೊಟ್ಟರು. ಅವರ ಮೇಲೆ ನನ್ನ ದೂರಿಲ್ಲ.

ಗೇಟಿನ ಹತ್ತಿರ ಸಹಾಯಕ ಎಂಜಿನಿಯರರು ದನಿ ತಗ್ಗಿಸಿದರು. “ಈ ನಂಬರು ನಮ್ಮಲ್ಲೇ ಇರ್ಲಿ ಮೇಸ್ತ್ರಿ. ಆಫೀಸಿನ ಕೆಲಸ ಇನ್ಮೇಲೆ ನಿಮಗೇ ಬರುತ್ತೆ.”

ನಾನು ತಲೆಯಾಡಿಸಿದೆ. ಕೆಲಸ ಬಂತು ಕೂಡ. ಏಳು ತಿಂಗಳು ನಾನು ಆ ಸಂಖ್ಯೆಯನ್ನು ಯಾರ ಮುಂದೆಯೂ ಎತ್ತಲಿಲ್ಲ. ಸಹಿ ಹಾಕಿದ್ದ ನಲವತ್ತೊಂದು ಮನೆಯವರು ಏನಾಯಿತು ಎಂದು ಕೇಳಿದಾಗಲೆಲ್ಲ, ಸರ್ಕಾರಿ ಕೆಲಸ, ನಿಧಾನವಾಗಿ ಆಗುತ್ತದೆ ಎಂದು ಸಮಾಧಾನ ಹೇಳಿ ಜಾರಿಕೊಂಡೆ.

ಇನ್ನು ಅಕ್ಕನ ವಿಷಯ. ನನಗಿಂತ ಎಂಟು ವರ್ಷ ದೊಡ್ಡವಳು, ಇದೇ ಬಡಾವಣೆಯಲ್ಲಿ ಭಾವನ ಜೊತೆ ಇದ್ದಾಳೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದ್ದು ಅವಳೇ. ಮೂರು ಶಾಲೆಗಳ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಹೊಲಿಯುತ್ತಿದ್ದಳು. ಅವಳ ಬಚ್ಚಲಲ್ಲಿ ಗೀಸರ್ ಕೂರಿಸಿದ್ದು ನಾನು. ನೀರು ಕಾಯುವಾಗ ಗೀಸರಿನ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ತೊಟ್ಟಿಕ್ಕಬೇಕು. ಒಳಗಿನ ಒತ್ತಡ ಹೊರಗೆ ಹೋಗುವ ದಾರಿ ಅದು. ಒಂದು ದಿನ ಅಕ್ಕ ಫೋನಿನಲ್ಲಿ, ಮಾತಿನ ನಡುವೆ, ಈಗೀಗ ಆ ಹನಿ ಬೀಳುತ್ತಿಲ್ಲ ಎಂದಳು. ನನ್ನ ಕಸುಬಿನವನು ಆ ಮಾತು ಕೇಳಿದೊಡನೆ ಕೈಲಿದ್ದ ಕೆಲಸ ಬಿಟ್ಟು ಓಡಬೇಕು. ನಾನು ಭಾನುವಾರ ಬಂದು ನೋಡುತ್ತೇನೆ ಎಂದೆ. ಭಾನುವಾರ ನಿಮ್ಮ ಟ್ಯಾಂಕಿನ ವಾಲ್ವ್ ಬದಲಿಸುವ ತುರ್ತು ಕೆಲಸಕ್ಕೆ ಕರೆ ಬಂತು. ಅಲ್ಲಿಗೆ ಹೋದೆ.

ಮಂಗಳವಾರ ಬೆಳಿಗ್ಗೆ ಅವಳು ಬಕೆಟ್ಟಿಗೆ ನೀರು ಬಿಡಲು ಬಗ್ಗಿದ್ದಾಗ ಗೀಸರಿನ ಕೆಳಗಿನ ಜಾಯಿಂಟ್ ಕಿತ್ತುಕೊಂಡು ಬಂತು. ಬಸ್ ಡ್ಯೂಟಿಗೆ ಹೊರಟಿದ್ದ ಭಾವ ಸದ್ದು ಕೇಳಿ ಒಳಗೆ ಓಡಿದರೆ ಬಚ್ಚಲು ತುಂಬ ಹಬೆ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲವಂತೆ. ಕುದಿಯುವ ನೀರು ಹೆಗಲಿನಿಂದ ಮಣಿಕಟ್ಟಿನವರೆಗೂ ಸುರಿದಿತ್ತು. ಇಪ್ಪತ್ತೆರಡು ದಿನ ಆಸ್ಪತ್ರೆ. ಈಗ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕತ್ತರಿ ಹಿಡಿಯಲಾಗುವುದಿಲ್ಲ.

ಗೀಸರನ್ನು ನಾನೇ ಬಿಚ್ಚಿದೆ. ಶಾಖ ಅಳೆಯುವ ಕಡ್ಡಿಯ ಮೇಲೆ ಬೆರಳು ದಪ್ಪದ ಸುಣ್ಣ. ನೀರು ಕುದಿಯುತ್ತಿದ್ದರೂ ಅದಕ್ಕೆ ತಿಳಿಯುವಂತಿರಲಿಲ್ಲ. ಸೇಫ್ಟಿ ವಾಲ್ವ್ ಒಳಗೆಲ್ಲ ಗಟ್ಟಿ ಕಲ್ಲು. ಅದನ್ನು ಪೊಟ್ಟಣ ಕಟ್ಟಿ, ದೂರಿನ ಜೊತೆ ನಿಮ್ಮ ಕಚೇರಿಗೆ ಕೊಟ್ಟೆ. ಈ ಸಲ ಉತ್ತರ ಬೇಗ ಬಂತು. “ಅವಘಡಕ್ಕೆ ಬಳಕೆದಾರರ ನಿರ್ವಹಣಾ ಲೋಪವೇ ಕಾರಣ.” ಕೆಳಗಿನ ಸಹಿ, ನಿಮ್ಮ ಅಂಗಳದಲ್ಲಿ ಹನಿ ಎಣಿಸಿದ ಅದೇ ಸಹಾಯಕ ಎಂಜಿನಿಯರರದು. ಏನನ್ನು ನಿರ್ವಹಿಸಬೇಕಿತ್ತು ಆಕೆ? ಈ ನೀರಿನಿಂದ ಗೀಸರಿಗೆ ಅಪಾಯವಿದೆ ಎಂದು ಅವಳಿಗೆ ಯಾರು ಹೇಳಿದ್ದರು? ನೀವು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈ ಪತ್ರವನ್ನು ನಾನು ಮೊದಲು ಬರೆದದ್ದು ಹೀಗಿರಲಿಲ್ಲ. ಅದರಲ್ಲಿ ಬೈಗುಳವೆಲ್ಲ ನಿಮ್ಮ ಪಾಲಿಗೇ ಇತ್ತು. ಅಕ್ಕನಿಗೆ ಓದಿ ಹೇಳಿದೆ. ಯಂತ್ರದ ಕಥೆ, ಏಳುನೂರ ನಲವತ್ತರ ಕಥೆ ಅವಳು ಕೇಳಿದ್ದು ಆಗಲೇ.

“ಇದ್ರಲ್ಲಿ ನೀನೆಲ್ಲಿದೀಯೋ?” ಎಂದಳು. “ನಂಗೊಂದು ಮಾತು ಹೇಳಿದ್ರೆ ಗೀಸರ್ ಆಫ್ ಮಾಡಿ ಒಲೆ ಮೇಲೆ ನೀರು ಕಾಯಿಸ್ಕೋತಿದ್ದೆ. ಅಷ್ಟೇ ಸಾಕಿತ್ತು.”

ಆ ಕಾಗದ ಹರಿದು ಇದನ್ನು ಬರೆದೆ. ಅವಳು ನನ್ನ ಜೊತೆ ಮಾತು ಬಿಟ್ಟಿಲ್ಲ, ಊಟಕ್ಕೆ ಕೂತಾಗ ಎಡಗೈಯಲ್ಲೇ ಬಡಿಸುತ್ತಾಳೆ. ತಟ್ಟೆಯಿಂದ ಮುಖ ಎತ್ತಲು ನನಗೇ ಆಗುವುದಿಲ್ಲ.

ಒಂದು ತಿಂಗಳಿಂದ ಸಂಜೆ ಹೊತ್ತು ಭಾವನನ್ನು ಕರೆದುಕೊಂಡು ಮನೆಮನೆಗೆ ಹೋಗಿ ಗೀಸರ್ ಪರೀಕ್ಷಿಸುತ್ತಿದ್ದೇನೆ. ನೂರ ಹನ್ನೆರಡು ಮನೆ ಮುಗಿದಿವೆ. ಮೂವತ್ತೊಂದು ಮನೆಗಳಲ್ಲಿ ವಾಲ್ವ್ ಕಲ್ಲಾಗಿತ್ತು. ಅದರಲ್ಲಿ ಒಂದು, ಹೆರಿಗೆಯಾಗಿ ಎಂಟು ದಿನವಾಗಿದ್ದ ಬಾಣಂತಿಯ ಮನೆ. ಪ್ರತಿ ಬಾಗಿಲಲ್ಲೂ ಏಳುನೂರ ನಲವತ್ತು ಎಂದು ಹೇಳಿ, ಇದು ನನಗೆ ಮೊದಲೇ ಗೊತ್ತಿತ್ತು ಎಂದೂ ಹೇಳುತ್ತೇನೆ. ಕೆಲವರು ಟೀ ಕೊಡುತ್ತಾರೆ, ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದರು. ಎರಡೂ ನ್ಯಾಯವೇ. ನಿಮ್ಮ ಕಚೇರಿಯಿಂದ ಮಾತ್ರ ಈಗ ನನಗೆ ಕೆಲಸ ಬರುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಬೀದಿಯ ನಲ್ಲಿಯಿಂದ, ಜನರ ಕಣ್ಣೆದುರಿಗೇ ನೀರು ಹಿಡಿದು ಪರೀಕ್ಷಿಸಿ, ಬಂದ ಸಂಖ್ಯೆಯನ್ನು ಆ ಬೀದಿಯಲ್ಲೇ ಬರೆದು ಹಾಕಿ. ಕೆರೆಯ ನೀರನ್ನು ಮತ್ತೆ ನಮ್ಮ ಲೈನಿಗೆ ಬೆರೆಸಿ. ಅಲ್ಲಿಯವರೆಗೆ, ಗೀಸರ್ ಇರುವ ಪ್ರತಿ ಮನೆಗೂ ನಿಮ್ಮ ಮೊಹರು ಒತ್ತಿದ ಎಚ್ಚರಿಕೆಯ ಚೀಟಿ ತಲುಪಲಿ. ನನ್ನ ಬರಿ ಬಾಯಿಮಾತನ್ನು ಎಲ್ಲರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಕೊನೆಯದಾಗಿ, ಅವಘಡದ ಬಗ್ಗೆ ನೀವು ಕೊಟ್ಟ ಆ ಉತ್ತರವನ್ನು ತಿದ್ದಿ. ಲೋಪ ಎಂಬ ಪದ ಅಲ್ಲೇ ಇರಲಿ, ಅದು ಸರಿಯಾದ ಪದ. ‘ಬಳಕೆದಾರರ’ ಎಂಬುದನ್ನು ಹೊಡೆದುಹಾಕಿದರೆ ಅಲ್ಲಿ ಎರಡು ಹೆಸರಿಗೆ ಜಾಗವಾಗುತ್ತದೆ. ಒಂದು ನನ್ನದು, ಬಂದು ನನ್ನ ಕೈಯಾರೆ ಬರೆದು ಸಹಿ ಹಾಕುತ್ತೇನೆ. ಇನ್ನೊಂದನ್ನು ನೀವು ಬರೆಯಿರಿ.

ಇಂತಿ,
ಏಳು ತಿಂಗಳು ಬಾಯಿಗೆ ಬಿರಡೆ ಜಡಿದುಕೊಂಡು ನಿಮಗೆ ವಿಧೇಯನಾಗಿದ್ದ
ನಲ್ಲಿ ರಿಪೇರಿಯವ