ಹಳೆ ಲೈನಿಗೆ ಹಾಕಿದ ಮುಳ್ಳು

ಚಿಕ್ಕೋಡಿ
೧೭ ಜೂನ್ ೨೦೧೩

ಪ್ರೀತಿಯ ದಾದಾನಿಗೆ, ತಂಗಿ ತ್ರಿಶಲಾಳ ಜಯ ಜಿನೇಂದ್ರ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ನಮ್ಮ ಮನೆಯ ರೂಢಿ. ಈ ಸಲ ಹಾಗೆ ಬರೆಯಲಾರೆ. ನನಗೆ ಆರಾಮ ಇಲ್ಲ. ನಿನ್ನ ಮೇಲೆ ಸಿಟ್ಟು ಬಂದಿದೆ, ಊರಿನಿಂದ ಬಂದು ಮೂರು ದಿನವಾದರೂ ಇಳಿದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ, ಆಮೇಲೆ ನೀನು "ಹೋಗ್ಲಿ ಬಿಡ, ಊಟಾ ಮಾಡಿದಿ?" ಅನ್ನುತ್ತೀ. ಅಲ್ಲಿಗೆ ಎಲ್ಲ ಮುಗಿದ ಹಾಗೆ. ಅದಕ್ಕೇ ಕಾಗದ. ಇದರಲ್ಲಿ ನೀನು ನಡುವೆ ಮಾತಾಡುವಂತಿಲ್ಲ.

ಕೇಳುವುದು ಒಂದೇ. ಮೋರಿಯ ಹತ್ತಿರ ಹಳೆ ರೈಲು ಲೈನಿಗೆ ಅಡ್ಡ ಹಾಕಿಸಿದ ಜಾಲಿ ಮುಳ್ಳನ್ನು ತೆಗೆಸು. ಶೇವಂತಾಳ ಮಗಳು ನೀಲಮ ಶಾಲೆಗೆ ಹೋಗಬೇಕು. ಈ ವರ್ಷ ಅವಳು ಹತ್ತನೆಯ ತರಗತಿ.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೆ ನನ್ನ ಕಣ್ಣಿಗೆ ಅದು ಹೇಗೆ ಕಂಡಿತು ಎನ್ನುವುದು ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ದೊಡ್ಡ ಗಾಡಿಗಳಿಗಾಗಿ ಹೊಸ ಲೈನು ದೂರದಿಂದ ಹಾಯ್ದ ಮೇಲೆ ಹಳೆಯದರ ಹಳಿ ಕಿತ್ತುಕೊಂಡು ಹೋದರು. ಒಡ್ಡು ಉಳಿಯಿತು, ಅದರ ಮೇಲಿನ ಖಡಿ ಕಲ್ಲು ಉಳಿಯಿತು. ಶೇವಂತಾಳ ಕೇರಿಯಿಂದ ನಮ್ಮ ತೋಟದ ಮನೆ ಹಾಯ್ದು, ಮೋರಿ ದಾಟಿ, ಪಕ್ಕದ ಊರಿನ ಪಾಳು ಸ್ಟೇಶನ್ನಿನವರೆಗೆ ಅದು ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ. ಸ್ಟೇಶನ್ನಿನ ಬೆನ್ನಿಗೇ ಹೈಸ್ಕೂಲು. ಅದು ಬಿಟ್ಟರೆ ಇರುವುದು ಮಿರಜ ರಸ್ತೆ. ದುಪ್ಪಟ್ಟು ದೂರ, ಮೈಮೇಲೆ ಬರುವ ಲಾರಿ, ಕಟ್ಟೆಯ ಮೇಲೆ ಕುಳಿತು ಸಿಳ್ಳೆ ಹೊಡೆಯುವ ಹುಡುಗರು. ಕೇರಿಯ ಮಕ್ಕಳು ಖಡಿಯ ಮೇಲೇ ಚಪ್ಪಲಿ ಹರಿದುಕೊಂಡು ನಡೆದರು. ಎರಡು ವರ್ಷದ ಹಿಂದೆ ಶೇವಂತಾ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನಿನ್ನ ಹತ್ತಿರ ಬಂದಿದ್ದಳು. ಪಂಚಾಯಿತಿಯಲ್ಲಿ ನಿನ್ನ ಮಾತು ನಡೆಯುತ್ತದೆ, ಖಡಿ ಸರಿಸಿ ಮಣ್ಣು ಹಾಕಿಸಿಕೊಡಿ ಎಂದು ಕೇಳಿದಳು. "ಸರಕಾರದ ಜಾಗಾ ಐತಿ ಅದು. ಒಂದ ಕಲ್ಲ ಸೈತ ಮುಟ್ಟಂಗಿಲ್ಲ" ಎಂದು ನೀನು ಹೇಳಿ ಕಳಿಸಿದೆ.

ಈ ಬೇಸಗೆಯಲ್ಲಿ ಮಾತಾಜಿಯ ಕಾಲ್ನಡಿಗೆಯ ವಿಹಾರ ನಮ್ಮೂರ ಕಡೆ ಬರುತ್ತದೆ ಎಂದು ಗೊತ್ತಾಯಿತು. ಬರಿಗಾಲಲ್ಲಿ ನಡೆಯುವ ವಯಸ್ಸಾದ ಸಾಧ್ವಿ ಆ ಲಾರಿಗಳ ರಸ್ತೆಯಲ್ಲಿ ಬರುವುದು ಬೇಡ, ಹಳೆ ಲೈನಿನ ಮೇಲೆ ಕರೆತರೋಣ ಎಂದು ಬಸದಿ ಕಮಿಟಿಯಲ್ಲಿ ಹೇಳಿದವನು ನೀನೇ. ಅಂದು ಫೋನಿನಲ್ಲಿ ನಿನ್ನನ್ನು ಮನಸಾರೆ ಹೊಗಳಿದೆ. ಈಗಲೂ ಆ ಹೊಗಳಿಕೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಸರಕಾರದ ಕಲ್ಲುಗಳನ್ನು ಒಂದು ವಾರದಲ್ಲಿ ಎತ್ತಿಸಿದೆ. ಜಾಲಿ ಕಡಿಸಿದೆ, ಮೆತ್ತನೆಯ ಮಸಾರಿ ಮಣ್ಣು ಹರವಿಸಿದೆ.

ಎತ್ತಿದ ಕೈಗಳು ಯಾರವು? ನಿನ್ನ ತೋಟದಲ್ಲಿ ದುಡಿಯುವ ದುರಗಪ್ಪನವು, ಅವನ ಹೆಂಡತಿ ಶೇವಂತಾಳವು, ಅವರ ಕೇರಿಯವರವು. ನಾನು ರಜೆಗೆ ಬಂದವಳು ಅವರಿಗೆ ಚಹಾ ಒಯ್ದಿದ್ದೆ. ಶೇವಂತಾ ಬುಟ್ಟಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಮಾತಾಜಿ ಒಂದೆರಡ ದಿನ ನಡೀತಾರ್ರಿ ಅಕ್ಕೋರ, ನಮ್ಮ ಹುಡುಗ್ರು ವರ್ಷಪೂರ್ತಿ ನಡೀತಾವ. ಲೆಕ್ಕಾ ಹಾಕಿದ್ರ ಪುಣ್ಯಾ ನಮಗ ಜಾಸ್ತಿ ಬರತೈತಿ ನೋಡ್ರಿ!" ದುರಗಪ್ಪ ಗದರಿದ: "ಏ, ಬಾಯಿ ಮುಚ್ಚಗೊಂಡ ಬುಟ್ಟಿ ಹೊರ." ಅವಳು ತಿರುಗಿಕೊಂಡು, "ಬುಟ್ಟಿ ತಲಿ ಮ್ಯಾಲ ಐತಿ, ಬಾಯಿ ಮ್ಯಾಲ ಇಲ್ಲ" ಎಂದಳು. ಎಲ್ಲರೂ ನಕ್ಕೆವು. ನೀನೂ ನಕ್ಕೆ, ದಾದಾ.

ಆಮೇಲೆ ಆ ಮಂಗಳವಾರ. ಆಹಾರಕ್ಕೆ ಹೊರಡುವ ಮುಂಚೆ ಮಾತಾಜಿ ಮನಸ್ಸಿನಲ್ಲೇ ಒಂದು ವಿಧಿ ಹಿಡಿಯುತ್ತಾರೆ. ಇಂಥದ್ದು ಕಣ್ಣಿಗೆ ಬಿದ್ದ ಬಾಗಿಲಲ್ಲಿ ಮಾತ್ರ ಉಣ್ಣುವುದು, ಬೀಳದಿದ್ದರೆ ಆ ದಿನವೆಲ್ಲ ನೀರೂ ಇಲ್ಲ. ಅದೇನೆಂದು ಯಾರಿಗೂ ಹೇಳುವುದಿಲ್ಲ. ಇದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ನಾವು ಊಹಿಸಿ ಊಹಿಸಿ ನಿಂತಿದ್ದೆವು. ನಿನ್ನ ಕೈಯಲ್ಲಿ ಕಳಶ, ನಿನ್ನ ಜೋಡಿಗೆ ನಿಂತ ವೈನಿಯ ಕೈಯಲ್ಲಿ ತೆಂಗಿನಕಾಯಿ, ನಿನ್ನ ಮಗ ನಿತಿನನ ಕೈಯಲ್ಲಿ ಮಾವು, ನನ್ನ ಕೈಯಲ್ಲಿ ಬಾಳೆ. ನಮ್ಮ ಬಾಗಿಲಿಗೆ ಅರ್ಧ ಸಂತೆಯೇ ಬಂದಿತ್ತು. ವೈನಿ ನಸುಕಿನಲ್ಲೇ ಒದ್ದೆ ಸೀರೆಯಲ್ಲಿ ಒಲೆ ಹೊತ್ತಿಸಿ ಅಡಿಗೆ ಮಾಡಿದ್ದರು. ಮಾತಾಜಿ ಲೈನಿನಿಂದ ಇಳಿದರು, ನಮ್ಮನ್ನು ನೋಡಿದರು, ಒಂದು ಗಳಿಗೆ ನಿಂತರು, ತಿರುಗಿ ಹೋದರು.

ಅಲ್ಲಿದ್ದವರೆಲ್ಲ ಕಾರಣ ಹುಡುಕತೊಡಗಿದರು. ಒಡ್ಡಿನ ಮೇಲೆ ಪಾಟೀಚೀಲ ಹೊತ್ತು ಒಂದು ಹುಡುಗಿ ನಿಂತಿದ್ದಳು. ಮಾತಾಜಿ ಹಾಯಲಿ ಎಂದು ಗೌರವದಿಂದ ಪಕ್ಕಕ್ಕೆ ಸರಿದು ನಿಂತವಳು, ಕೈ ಮುಗಿದುಕೊಂಡೇ ಇದ್ದಳು. ನೀನು ಕಳಶ ಹಿಡಿದ ಕೈಯಲ್ಲೇ ಅವಳನ್ನು ತೋರಿಸಿದೆ. "ಇಕಿ ಯಾಕ ನಿಂತಾಳ ಇಲ್ಲೆ? ಇಕೀನ ಅಡ್ಡ ಬಂದಾಳ!"

ನಾನು ಅಲ್ಲೇ ಹೇಳಿದೆ, ಅವಳು ಅಡ್ಡ ಬಂದಿಲ್ಲ, ಶಾಲೆಗೆ ಹೊರಟಿದ್ದಾಳೆ ಎಂದು. "ನೀ ಸುಮ್ನಿರ. ಕಾನ್ವೆಂಟ್ ಕಲತಾಕಿ, ನಿನಗ ಇದರಾಗಿಂದ ಏನ ತಿಳೀತೈತಿ?" ಎಂದೆ ನೀನು. ನೀಲಮ ಅಳಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಓಡಿದಳು. ಶಾಲೆಯ ಕಡೆಗಲ್ಲ, ಮನೆಯ ಕಡೆಗೆ.

ಮರುದಿನ ಆ ಹುಡುಗಿ ಎಲ್ಲೂ ಇರಲಿಲ್ಲ. ಕೇರಿಯವರು ಯಾರೂ ಲೈನಿನ ಹತ್ತಿರ ಸುಳಿಯದಂತೆ ನೀನು ಆಳು ನಿಲ್ಲಿಸಿದ್ದೆ. ಮಾತಾಜಿ ಬಂದರು, ನೋಡಿದರು, ಮತ್ತೆ ತಿರುಗಿ ಹೋದರು, ಎರಡನೆಯ ದಿನವೂ ಯಾವ ಬಾಗಿಲಲ್ಲೂ ಉಣ್ಣದೆ. ಆಗಲಾದರೂ ನಿನಗೆ ಹೊಳೆಯಬೇಕಿತ್ತು. ನೀನು ಹೇಳಿದ್ದೇನು? "ನಿನ್ನಿ ಅಪಶಕುನ ಇನ್ನೂ ಹೋಗಿಲ್ಲ." ಹುಡುಗಿ ಇದ್ದರೂ ಅವಳೇ ಕಾರಣ, ಇಲ್ಲದಿದ್ದರೂ ಅವಳೇ ಕಾರಣ. ನಾನು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಹುಡುಗರಿಗೆ ಪಾಠ ಹೇಳುತ್ತಿದ್ದೇನೆ. ಇಷ್ಟು ಕೆಟ್ಟ ತರ್ಕವನ್ನು ಯಾವ ನಪಾಸಾದ ಹುಡುಗನೂ ನನ್ನ ಮುಂದೆ ಹೇಳಿಲ್ಲ.

ಮೂರನೆಯ ದಿನ ಮಾತಾಜಿ ಪಕ್ಕದ ಊರಿಗೆ ನಡೆದರು. ನೀನು ಮುನಿಸಿಕೊಂಡು ತೋಟದಲ್ಲಿ ಕುಳಿತೆ. ನಾನೂ ವೈನಿಯೂ ಅವರ ಹಿಂದೆ ಹಳೆ ಲೈನಿನ ಮೇಲೆ ಹೊರಟೆವು. ಮದುವೆಯಾಗಿ ಬಂದಾಗಿನಿಂದ ವೈನಿ ಆ ದಾರಿಯಲ್ಲಿ ನಡೆದದ್ದು ಅದೇ ಮೊದಲಂತೆ. ಎರಡೂ ಬದಿಗೆ ಕಬ್ಬು ಮೊಣಕಾಲೆತ್ತರ ಬಂದಿತ್ತು. ಮೋರಿಯ ಕೆಳಗೆ ಮೊದಲ ಮಳೆಯ ಕೆಂಪು ನೀರು ನಿಂತಿತ್ತು. ಮಾತಾಜಿ ಮುಂದೆ ನವಿಲುಗರಿಯ ಪಿಂಛಿಯಿಂದ ಇರುವೆ ಸರಿಸುತ್ತ ನಡೆಯುತ್ತಿದ್ದರು. ಮಸಾರಿಯಲ್ಲಿ ಅವರ ಬರಿ ಹೆಜ್ಜೆ, ಅದರ ಪಕ್ಕದಲ್ಲಿ ಹಿಂದಿನ ವಾರದ ಮಕ್ಕಳ ಚಪ್ಪಲಿ ಗುರುತು. ಒಂದರ ಮೇಲೊಂದು ಬಿದ್ದಿದ್ದವು. ಯಾವುದೂ ಯಾವುದನ್ನೂ ಅಳಿಸಿರಲಿಲ್ಲ.

ಆ ಊರಿನಲ್ಲಿ ಬಳೆಗಾರರ ಸಣ್ಣ ಮನೆಯೊಂದರ ಮುಂದೆ ಮಾತಾಜಿ ನಿಂತರು, ಒಳಗೆ ಹೋದರು, ಉಂಡರು. ಆಮೇಲೆ ವೈನಿ ತಡೆಯಲಾರದೆ ಅವರ ಮುಂದೆ ಕುಳಿತು ಅತ್ತುಬಿಟ್ಟರು. "ನಮ್ಮ ಕಡಿಂದ ಏನ ತಪ್ಪಾತ್ರಿ? ಒಂದ ಹುಡುಗಿ ಅಡ್ಡ ಬಂತು ಅಂತಾರ..." ಎಂದು ಕೇಳಿದರು. ಮಾತಾಜಿಯ ದನಿ ಕ್ಷೀಣವಾಗಿತ್ತು. ಎರಡು ದಿನದ ಹಸಿವು ಅದು. "ನನ್ನ ವಿಧಿ ನನ್ನ ಹಸಿವಿನ ಸಲುವಾಗಿ, ತಾಯಿ. ಅದನ್ನ ತಗೊಂಡ ಇನ್ನೊಬ್ಬರ ಮಗಳ ಹಣಿಗೆ ಯಾಕ ಬರೀತೀರಿ?" ಎಂದರು. ವಿಧಿ ಏನಿತ್ತೆಂದು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಈ ಮಾತನ್ನು ನಿನಗೆ ಹೇಳಬೇಕೆಂದು ನಾವು ಅವಸರವಾಗಿ ತಿರುಗಿ ಬಂದೆವು. ಮೋರಿಯ ಹತ್ತಿರ ದಾರಿ ಇರಲಿಲ್ಲ. ಕಡಿಸಿದ್ದ ಜಾಲಿಯನ್ನೆಲ್ಲ ಹೊತ್ತು ತರಿಸಿ ಎದೆಯೆತ್ತರ ಒಟ್ಟಿಸಿದ್ದೆ. ವೈನಿಯೂ ನಾನೂ ಒಡ್ಡಿನಿಂದ ಜಾರಿ, ಮೋರಿಯ ಕೆಸರಿನಲ್ಲಿ ಇಳಿದು, ಮುಳ್ಳಿಗೆ ಸೀರೆ ಹರಿದುಕೊಂಡು ಮನೆ ಸೇರಿದೆವು. ಮಾತಾಜಿಯ ಮಾತು ಹೇಳಿದರೆ ನೀನು, "ಅವರು ದೊಡ್ಡವರು, ಹಂಗ ಅಂತಾರ. ನಾವು ನಮ್ಮ ಎಚ್ಚರದಾಗ ಇರಬೇಕು" ಎಂದು ಎದ್ದು ಹೋದೆ. ಅವರ ಕಾಲಿಗಾಗಿ ಕಲ್ಲು ಎತ್ತಿಸಿದವನಿಗೆ ಅವರ ಮಾತು ಮಾತ್ರ ಬೇಡವಾಯಿತು.

ಆ ಸಂಜೆಯೇ ಶೇವಂತಾಳ ಮನೆಗೆ ಹೋದೆ. ದುರಗಪ್ಪ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಬೆಳೆದ ಮಗಳನ್ನು ಮಿರಜ ರಸ್ತೆಯ ಮೇಲೆ ಕಳಿಸಲಾರೆ ಎಂದ. ನೀನು ಅವನಿಗೆ ಹೇಳಿ ಕಳಿಸಿದ್ದೆಯಂತಲ್ಲ, ಹುಡುಗಿ ಮನೆಯಲ್ಲಿ ಕುಳಿತು ಏನು ಮಾಡುತ್ತಾಳೆ, ದ್ರಾಕ್ಷಿ ತೋಟದಲ್ಲಿ ಕುಡಿ ಚಿವುಟಲು ಬರಲಿ ಎಂದು. ನನಗೆ ಮೈಯೆಲ್ಲ ಉರಿದದ್ದು ಅಲ್ಲಿ. ದಾರಿ ಮುಚ್ಚಿದವನೂ ನೀನೇ, ಕೂಲಿಗೆ ಕರೆದವನೂ ನೀನೇ. ನೀಲಮ ಒಳಗಿನಿಂದ ನನ್ನನ್ನು ಕೇಳಿದಳು, "ಅಕ್ಕೋರ, ಖರೇನ ನನ್ನಿಂದ ಮಾತಾಜಿ ಉಪವಾಸ ಬಿದ್ರೇನ್ರಿ?" ಅವಳಿಗೆ ಅದೇ ಚಿಂತೆ. ಶಾಲೆ ತಪ್ಪಿದ್ದಕ್ಕಿಂತ ಮೊದಲು ಅದನ್ನು ಕೇಳಿದಳು. ಅಲ್ಲ ಎಂದೆ, ಎರಡು ಸಲ ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ಅವಳು ನಂಬುವುದು ನನ್ನ ಮಾತಿನಿಂದಲ್ಲ, ಆ ಮುಳ್ಳು ಹೋದಾಗ.

ನನ್ನನ್ನೇ ಕೇಳಿಕೊಂಡಿದ್ದೇನೆ, ಈ ಸಿಟ್ಟು ನೀಲಮಳಿಗಾಗಿಯೋ, ಎಲ್ಲರ ಮುಂದೆ ನೀನು ನನ್ನನ್ನು ಕಾನ್ವೆಂಟಿನವಳು ಎಂದು ಹಂಗಿಸಿದ್ದಕ್ಕೋ ಎಂದು. ಎರಡೂ ಇರಬೇಕು. ಚಿಕ್ಕೋಡಿಯಲ್ಲಿ ಕುಳಿತು ಊರಿನವನಿಗೆ ಬುದ್ಧಿ ಹೇಳುವುದು ಸುಲಭ ಎಂದು ನೀನು ಅನ್ನುತ್ತೀ. ಅದೂ ಇರಬಹುದು. ಆದರೆ ನನ್ನ ಸಿಟ್ಟಿನಲ್ಲಿ ಎಷ್ಟು ಕಲಬೆರಕೆ ಇದ್ದರೂ ಮುಳ್ಳು ಮುಳ್ಳೇ. ನಾಲ್ಕು ದಿನ ಶಾಲೆ ತಪ್ಪಿದವಳು ತಿಂಗಳು ತಪ್ಪುತ್ತಾಳೆ, ಆಮೇಲೆ ಹಾಜರಿಯಲ್ಲಿ ಅವಳ ಹೆಸರನ್ನು ಯಾರೂ ಕರೆಯುವುದಿಲ್ಲ.

ನಿನ್ನ ಧರ್ಮವನ್ನು ನಾನು ಅಣಕಿಸುತ್ತಿಲ್ಲ. ಅದು ನನ್ನದೂ ಹೌದು. ಇರುವೆ ಸಾಯಬಾರದೆಂದು ನೆಲ ನೋಡಿ ನಡೆಯುವವರ ಮನೆಯಲ್ಲಿ ಹುಟ್ಟಿದ್ದೇವೆ. ಅದಕ್ಕೇ ಇಷ್ಟು ಸಿಟ್ಟು.

ಮುಳ್ಳು ತೆಗೆಸು. ತೆಗೆಸಿ, ನೀಲಮಳ ಮನೆಗೆ ನೀನೇ ಹೋಗಿ, ಶಾಲೆಗೆ ಹೋಗವ್ವಾ ಎಂದು ಹೇಳು. ಅಲ್ಲಿಯವರೆಗೆ ನಾನು ಆ ಮನೆಗೆ ಬರುವುದಿಲ್ಲ.

ಸಿಟ್ಟಾದರೂ ನಿನ್ನವಳೇ,
ತ್ರಿಶಲಾ

ತಾ. ಕ.: ಕಾಗದ ಅಂಚೆಗೆ ಹಾಕುವ ಮುಂಚೆ, ಇವತ್ತು ಮಂಗಳವಾರ ಬೆಳಿಗ್ಗೆ, ವೈನಿಯ ಫೋನು ಬಂತು. ನೀನು ನಿನ್ನೆ ತೋಟದ ಔಷಧಿ ತರಲು ಸಾಂಗಲಿಗೆ ಹೋದಾಗ ಅವರು ಕಬ್ಬು ಕಡಿಯುವ ಕೊಯ್ತಾ ಹಿಡಿದು ಒಬ್ಬರೇ ಮೋರಿಗೆ ಹೋದರಂತೆ. ಆಮೇಲೆ ಶೇವಂತಾ ಕೂಡಿಕೊಂಡಳಂತೆ. ನೀಲಮ ಇವತ್ತು ಲೈನಿನ ಮೇಲೇ ಶಾಲೆಗೆ ಹೋಗಿದ್ದಾಳೆ. ನೀನು ಇನ್ನೂ ಆ ಕಡೆ ತಲೆ ಹಾಕಿಲ್ಲವಂತೆ. ಇದನ್ನು ದಾದಾನಿಗೆ ಬರೆಯಲೇ ಎಂದು ಕೇಳಿದೆ. "ಬರಿ. ನಾ ಬಾಯಿಲೆ ಹೇಳಾಕ ಹೋದ್ರ ಎದ್ದ ಹೊಕ್ಕಾರ. ಕಾಗದ ಆದ್ರ ಕುಂತ ಓದ್ತಾರ" ಎಂದರು. ಮುಳ್ಳನ್ನು ಎಲ್ಲಿ ಹಾಕಿದಿರಿ ಎಂದೆ. ಹಿತ್ತಲಿಗೆ ಹೊತ್ತು ತಂದರಂತೆ. ಇವತ್ತು ಬೆಳಿಗ್ಗೆ ನೀನು ಜಳಕ ಮಾಡಿದ ನೀರು ಅದರಲ್ಲೇ ಕಾದದ್ದು.