ಎರಡು ಪೊಟ್ಟಣ

ಪುಣೆ
ಮಂಗಳವಾರ, ೧೧ ಮಾರ್ಚ್ ೨೦೨೫

ಶೈಲಾಳಿಗೆ ಪ್ರಫುಲ್ಲಕ್ಕನ ಆಶೀರ್ವಾದ.

ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಮುನಿಸಿಕೊಂಡು ತಳೇಗಾಂವಿನ ತಮ್ಮನ ಮನೆಗೆ ಹೋಗಿ ಐದು ದಿನವಾಯಿತು. ಮಗಳು ದೀಕ್ಷಿತಾ ದಿನಾ ನಮ್ಮ ಹೋಟೆಲಿಗೆ ಬರುತ್ತಾಳೆ, ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾಳೆ. ನನ್ನೊಡನೆ ಮಾತಿಲ್ಲ.

ನೇರವಾಗಿ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು. ತಳೇಗಾಂವಿನಲ್ಲಿ ತಾನೇ ಒಂದು ಹೋಟೆಲ್ ನಡೆಸಬೇಕೆಂಬ ಆಸೆಯನ್ನು ಅವಳು ಮೊದಲು ಹೇಳಿದ್ದು ಹೆತ್ತ ನನಗಲ್ಲ, ಮೈದುನನ ಹೆಂಡತಿಯಾದ ನಿನಗೆ. ನೀನು ಎರಡು ದಿನ ಕಾರ್ಖಾನೆ ಗೇಟಿನೆದುರು ಕುಳಿತು, ಪಾಳಿ ಬಿಟ್ಟಾಗ ಎಷ್ಟು ಜನ ತಿಂಡಿ ಹುಡುಕುತ್ತಾರೆಂದು ಬರೆದುಕೊಂಡು ಬಂದೆ. ನಾನು ಅಲ್ಲಿ ಅವಳು ಬಾಡಿಗೆಗೆ ನೋಡಿದ್ದ ಜಾಗದ ಹೊಸ್ತಿಲಲ್ಲೇ ನಿಂತು, ಮನಸ್ಸು ಒಪ್ಪುವುದಿಲ್ಲ ಎಂದೆ. ಅವಳು ನಕ್ಕಳು. "ಚಿಕ್ಕಮ್ಮ ನೋಡಿ ಹೇಳ್ತಾರೆ. ನೀನು ಹೇಳಿ ಆಮೇಲೆ ನೋಡ್ತಿ."

ಆ ನಗು ತಾಗಿತು. ನನ್ನ ಮನಸ್ಸು ಎಂದಾದರೂ ಸುಳ್ಳು ಹೇಳಿದೆಯಾ? ಸಾಂಬಾರಿನ ಕೊತ್ತಂಬರಿ ಸೀದದ್ದನ್ನು ಬಾಗಿಲಲ್ಲೇ ಹಿಡಿದವಳು ನಾನು. ನೀನು ಒಲೆಯ ಪಕ್ಕವೇ ನಿಂತು ಗಡಿಯಾರ ನೋಡುತ್ತಿದ್ದೆ. ಅಡುಗೆಯ ಮಹಾಲಿಂಗನನ್ನು ಒಂದೇ ನೋಟಕ್ಕೆ ಸೇರಿಸಿಕೊಂಡೆ, ಹದಿನೆಂಟು ವರ್ಷವಾಯಿತು. ಆದರೂ ನೀವಿಬ್ಬರೂ ಒಪ್ಪಲಿಲ್ಲ, ಅದಕ್ಕೇ ದೇವರಲ್ಲಿ ಹೂ ಕೇಳೋಣ ಎಂದೆ. ಬಿಳಿ ಬಂದರೆ ಹೂಂ, ಕೆಂಪು ಬಂದರೆ ಬೇಡ. ಎರಡು ಪೊಟ್ಟಣದಲ್ಲಿ ಒಂದನ್ನು ಅವಳು ಎತ್ತಿ ಬಿಚ್ಚಿದಳು. ಕೆಂಪು ಬಂತು.

ನೀನು ವಾದ ಮಾಡಲಿಲ್ಲ, ಕೈ ಮುಗಿದೆ. ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದೆ, "ಅಕ್ಕಾ, ನಿಮ್ಗೆ ಆಗದಿದ್ದದ್ದು ಆ ಜಾಗವಾ, ನಾನಾ?" ನಿನಗೂ ಸಿಟ್ಟು ಬರುತ್ತದೆ, ಆದರೆ ಅದು ಯಾರ ಮೇಲೆ ಬಂದದ್ದು ಎಂದು ಮೊದಲು ನಿನ್ನನ್ನೇ ಕೇಳಿಕೊಳ್ಳುತ್ತಿಯಂತೆ, ನೀನೇ ಹೇಳಿದೆ.

ದೀಪ ಹಚ್ಚುವಾಗಲೆಲ್ಲ ಅದೇ ಮಾತು ಕಿವಿಯಲ್ಲಿ. ನಿನ್ನೆ ಒಬ್ಬಳೇ ಹೋಗಿ ಆ ಜಾಗ ನೋಡಿ ಬಂದೆ. ಗಾಳಿ, ಬೆಳಕು ಚೆನ್ನಾಗಿದೆ. ಒಲೆಯ ಮೂಲೆಯೂ ಸರಿಯಿದೆ. ನಿನ್ನ ಮೇಲಿನ ಕಿಚ್ಚು ಹಾಗೇ ಇದೆ. ಅದಕ್ಕೂ ಜಾಗಕ್ಕೂ ಸಂಬಂಧವಿಲ್ಲ.

ಶುಕ್ರವಾರ ದಾಟಿದರೆ ಜಾಗವನ್ನು ಬೇರೆಯವರಿಗೆ ಕೊಡುತ್ತಾರಂತೆ. ಅದಕ್ಕೆ ಮೊದಲು ಬಾ. ಅವಳಿಗೆ ಹೂಂ ಎನ್ನುವವಳು ನಾನಾಗಬೇಕು, ನೀನು ಮೊದಲೇ ಹೇಳಿಬಿಡಬೇಡ.

ನಿನ್ನ ಅಕ್ಕ,
ಪ್ರಫುಲ್ಲಾ

ತಾ.ಕ.: ದೇವರು ಬೇಡ ಎಂದದ್ದಕ್ಕೆ ಏನು ಮಾಡುವುದೆಂದು ನೀನು ಕೇಳುತ್ತಿ. ಅವಳು ಎತ್ತದೆ ಉಳಿದ ಪೊಟ್ಟಣ ಈ ಲಕೋಟೆಯಲ್ಲಿದೆ. ಬಿಚ್ಚಿ ನೋಡು, ಅದರಲ್ಲೂ ಕೆಂಪೇ. ಎರಡನ್ನೂ ಕಟ್ಟಿದವಳು ನಾನು. ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟಿದ್ದೇನೆ. ದೀಕ್ಷಿತಾಳಿಗೆ ಹೇಗೆ ಹೇಳಲಿ? ನೀನೇ ಯೋಚಿಸಿ ಹೇಳು.